ಅಂಗಿಯ ಒಳಬದಿ: ಇಂಡೋಚೀನಾ ಯುದ್ಧಗಳ ಸಮವಸ್ತ್ರ ಸಂಗ್ರಹದಲ್ಲಿ ನನ್ನ ಅನುಭವ

ಇಂಡೋಚೀನಾದಲ್ಲಿ (ಇಂದಿನ ವಿಯೆಟ್ನಾಂ, ಲಾವೋಸ್, ಕಾಂಬೋಡಿಯಾ) 1946ರಿಂದ 1954ರವರೆಗೆ ಫ್ರೆಂಚರ ವಿರುದ್ಧ, ಅನಂತರ 1975ರವರೆಗೆ ಅಮೆರಿಕ ಮತ್ತು ದಕ್ಷಿಣ ವಿಯೆಟ್ನಾಮಿನ ಸೈಗಾನ್ ಸರ್ಕಾರದ ವಿರುದ್ಧ ನಡೆದ ಯುದ್ಧಗಳ ಸಮವಸ್ತ್ರಗಳನ್ನು ನಾನು ಬಹಳ ಕಾಲದಿಂದ ಸಂಗ್ರಹಿಸುತ್ತಿದ್ದೇನೆ. ಬಂದೂಕು, ಬಯನೆಟ್, ಗ್ರೆನೇಡುಗಳ ಗೊಡವೆಗೆ ಹೋಗಿಲ್ಲ. ನಮ್ಮ ಶಸ್ತ್ರಾಸ್ತ್ರ ಕಾಯ್ದೆಯಿಂದ ಬರುವ ತಲೆನೋವು ಹಾಗಿರಲಿ, ಬಟ್ಟೆ ಹೇಳುವಷ್ಟು ವಿಷಯವನ್ನು ಕಬ್ಬಿಣ ಹೇಳುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಮಾರುವವರು ಹೇಳುವ ಕಥೆಗೆ ನಾನು ಹಣ ಕೊಡುವುದಿಲ್ಲ. ಅಂಗಿಯ ಒಳಬದಿಯನ್ನು ನೋಡಿ ಕೊಡುತ್ತೇನೆ.

ಅಮೆರಿಕದ ಸೈನಿಕರು ತೊಟ್ಟ ಉಷ್ಣವಲಯದ ಹಸಿರು ಅಂಗಿಯನ್ನೇ ತೆಗೆದುಕೊಳ್ಳೋಣ. ಎದೆಯ ಮೇಲಿನ ಕಿಸೆಗಳನ್ನು ಓರೆಯಾಗಿ ಹೊಲಿದಿರುವ, ನಾಲ್ಕು ಕಿಸೆಗಳ ಈ ಅಂಗಿಯ ಮೊದಲ ಮಾದರಿಯಲ್ಲಿ ಕಿಸೆಯ ಗುಂಡಿಗಳು ಹೊರಗೆ ಕಾಣುತ್ತಿದ್ದವು; ಅವು ಪಟ್ಟಿಗಳಿಗೆ ಸಿಕ್ಕಿಕೊಳ್ಳುತ್ತಿದ್ದುದರಿಂದ ಮುಂದಿನ ಮಾದರಿಯಲ್ಲಿ ಅವುಗಳನ್ನು ಮುಚ್ಚಿದರು, ಮೂರನೆಯದರಲ್ಲಿ ಭುಜಪಟ್ಟಿಯನ್ನೂ ತೆಗೆದುಹಾಕಿದರು. ಮಾದರಿ ಗೊತ್ತಾದ ಮೇಲೆ ಒಳಗಿನ ಲೇಬಲ್ಲನ್ನು ಓದಬೇಕು. ‘ಡಿಎಸ್ಎ 100’ (ಡಿಎಸ್ಎ ಎಂದರೆ ಅಮೆರಿಕದ ರಕ್ಷಣಾ ಸರಬರಾಜು ಸಂಸ್ಥೆ) ಎಂದು ಆರಂಭವಾಗುವ ಗುತ್ತಿಗೆ ಸಂಖ್ಯೆಯಲ್ಲಿ ಮುಂದೆ ಬರುವ 67 ಅಥವಾ 69 ಎಂಬ ಅಂಕಿ ಹಣಕಾಸು ವರ್ಷವನ್ನು ಸೂಚಿಸುತ್ತದೆ. ಅಂದಿನ ಅಮೆರಿಕದ ಹಣಕಾಸು ವರ್ಷ ಜುಲೈ 1ರಂದು ಆರಂಭವಾಗುತ್ತಿದ್ದುದರಿಂದ 67 ಎಂದಿರುವ ಗುತ್ತಿಗೆ 1966ರ ಜುಲೈ ತಿಂಗಳದ್ದೂ ಆಗಿರಬಹುದು. ಅದೇ ಲೇಬಲ್ಲಿನಲ್ಲಿರುವ ದಾಸ್ತಾನು ಸಂಖ್ಯೆ 11 ಅಂಕಿಗಳದ್ದಾಗಿರಬೇಕು. 13 ಅಂಕಿಗಳ ಪದ್ಧತಿ ಬಂದದ್ದು 1974ರಲ್ಲಿ, ಅಮೆರಿಕದ ಕಾದಾಟದ ಪಡೆಗಳು ವಿಯೆಟ್ನಾಂ ಬಿಟ್ಟದ್ದು 1973ರಲ್ಲಿ. ಆದ್ದರಿಂದ 13 ಅಂಕಿಗಳ ಅಂಗಿಯನ್ನು ತೋರಿಸಿ ಅದರ ಒಡೆಯ ಕಾಡಿನಲ್ಲಿ ಹೇಗೆ ಹೋರಾಡಿದನೆಂದು ಯಾರಾದರೂ ವರ್ಣಿಸತೊಡಗಿದರೆ, ಪೂರ್ತಿ ಕೇಳುವ ಸೌಜನ್ಯವಷ್ಟೇ ನಮ್ಮಿಂದ ಸಲ್ಲಬೇಕಾದದ್ದು.

ಅಂಗಿ ನಿಜವಾದದ್ದಾಗಿದ್ದರೂ ತೋಳಿನ ಲಾಂಛನ ನಿನ್ನೆ ಹೊಲಿದದ್ದಾಗಿರಬಹುದು, ಏಕೆಂದರೆ ಬೆಲೆ ಹೆಚ್ಚಾಗುವುದು ಲಾಂಛನದಿಂದಲೇ. ಲಾಂಛನದ ಅಂಚನ್ನು ಮೆಲ್ಲಗೆ ಎತ್ತಿ ಕೆಳಗಿನ ಬಟ್ಟೆಯನ್ನು ನೋಡುತ್ತೇನೆ. ಬಿಸಿಲು, ಒಗೆತಗಳನ್ನು ಒಟ್ಟಿಗೆ ಕಂಡಿದ್ದರೆ ಲಾಂಛನದಡಿಯ ಹಸಿರು ಸುತ್ತಲಿನದಕ್ಕಿಂತ ಗಾಢವಾಗಿ ಉಳಿದಿರುತ್ತದೆ. ನೇರಳಾತೀತ ಟಾರ್ಚಿನ ಬೆಳಕಿನಲ್ಲಿ ದಾರ ಬೆಳ್ಳಗೆ ಹೊಳೆದರೆ ಅದು ಹೊಸದು ಎಂದು ಅನೇಕರು ತೀರ್ಮಾನಿಸುತ್ತಾರೆ. ಇಂದಿನ ಸೋಪಿನ ಪುಡಿಯಲ್ಲಿ ಒಮ್ಮೆ ಒಗೆದ ಹಳೆಯ ಬಟ್ಟೆಯೂ ಹಾಗೆಯೇ ಹೊಳೆಯುವುದರಿಂದ ಆ ಪರೀಕ್ಷೆಯೊಂದನ್ನೇ ನಾನು ನಂಬುವುದಿಲ್ಲ.

ಫ್ರೆಂಚ್ ಪ್ಯಾರಾಟ್ರೂಪರುಗಳ ಹಲ್ಲಿಪಟ್ಟೆಯ (ಮರೆಮಾಚುವ ಬಣ್ಣದ ಪಟ್ಟೆಗಳಿರುವ) ಜಾಕೆಟ್ಟುಗಳ ವಿಷಯದಲ್ಲಿ ಮೋಸ ಬೇರೆ ಬಗೆಯದು. ಇಂಡೋಚೀನಾದವೆಂದು ಮಾರುವ ಅವು ನಕಲಿಯಲ್ಲ, ಆದರೆ ಬಹುಪಾಲು 1954ರಿಂದ 1962ರವರೆಗೆ ನಡೆದ ಅಲ್ಜೀರಿಯಾ ಯುದ್ಧದವು. ಇಂಡೋಚೀನಾದಲ್ಲಿ ಫ್ರೆಂಚರು ನಿರ್ಣಾಯಕವಾಗಿ ಸೋತ ನೆಲೆ ದಿಯೆನ್ ಬಿಯೆನ್ ಫು 1954ರ ಮೇ 7ರಂದು ಪತನವಾಯಿತು. 47/56 ಮಾದರಿಯ, ಅಂದರೆ 1947ರ ಮಾದರಿಯನ್ನು 1956ರಲ್ಲಿ ತಿದ್ದಿ ಮಾಡಿದ ಜಾಕೆಟ್ಟು ಅಲ್ಲಿ ಇರಲು ಸಾಧ್ಯವಿಲ್ಲ. ಅದೇ ಹಲ್ಲಿಪಟ್ಟೆಯಿಂದ ಬೆಳೆದು ಬಂದ ದಕ್ಷಿಣ ವಿಯೆಟ್ನಾಮಿನ ಹುಲಿಪಟ್ಟೆ ಬಟ್ಟೆಗಳಿಗೆ ಸಾಮಾನ್ಯವಾಗಿ ಗುತ್ತಿಗೆ ಸಂಖ್ಯೆಯ ಲೇಬಲ್ ಇರುವುದಿಲ್ಲವಾದ್ದರಿಂದ, ಸ್ವತಃ ಮುಟ್ಟಿ ನೋಡದೆ ಅವುಗಳನ್ನು ಕೊಳ್ಳಬಾರದು.

ಉತ್ತರ ವಿಯೆಟ್ನಾಮಿನ ಸೈನಿಕನ ‘ಮು ಕೋಯಿ’ ಟೋಪಿಗೆ ಓದಬಲ್ಲ ಲೇಬಲ್ ಸಿಗುವುದು ಅಪರೂಪ. ಒತ್ತಿದ ಕಾಗದದ ತಿರುಳಿನ ಮೇಲೆ ಹಸಿರು ಹತ್ತಿಬಟ್ಟೆ ಹೊದಿಸಿ ಮಾಡಿದ ಈ ಟೋಪಿಯನ್ನು ಯುದ್ಧ ಮುಗಿದ ಮೇಲೂ ಜನಸಾಮಾನ್ಯರು ಧರಿಸುತ್ತಲೇ ಬಂದರು. 2007ರ ಡಿಸೆಂಬರಿನಲ್ಲಿ ಹೆಲ್ಮೆಟ್ ಕಡ್ಡಾಯವಾಗುವವರೆಗೆ ಮೋಟಾರ್ ಸೈಕಲ್ ಸವಾರರ ತಲೆಯ ಮೇಲೂ ಅದು ಸಾಮಾನ್ಯವಾಗಿತ್ತು. ಹೋ ಚಿ ಮಿನ್ ನಗರದ (ಹಿಂದಿನ ಸೈಗಾನ್) ದಾನ್ ಸಿನ್ ಮಾರುಕಟ್ಟೆಯಲ್ಲಿ ಯುದ್ಧಕಾಲದ್ದೆಂದು ರಾಶಿ ಹಾಕಿರುವ ಟೋಪಿ, ಜಿಪ್ಪೋ ಲೈಟರು, ಕೊರಳಿನ ಗುರುತುಬಿಲ್ಲೆಗಳಲ್ಲಿ ಹೆಚ್ಚಿನವು ಪ್ರವಾಸಿಗರಿಗಾಗಿ ತಯಾರಾದವು. ಟೋಪಿಯನ್ನು ಮಗುಚಿ ಒಳಗಿನ ಬೆವರುಪಟ್ಟಿಯನ್ನು ನೋಡುತ್ತೇನೆ. ಹಣೆಯ ಕಡೆ ಕಪ್ಪಾಗಿ, ಹಿಂದಕ್ಕೆ ಹೋದಂತೆ ಕಲೆ ತೆಳುವಾಗಿದ್ದರೆ ಯಾರೋ ಧರಿಸಿದ್ದಾರೆ ಎನ್ನಬಹುದು. ಸುತ್ತಲೂ ಒಂದೇ ಸಮನೆ ಕಂದಾಗಿದ್ದರೆ ಚಹಾದ ನೀರಿನ ಕೆಲಸವೆಂದು ಅನುಮಾನಿಸುತ್ತೇನೆ. ನೆಲ ಅಗೆದು ತೆಗೆದ ಸಾಮಾನುಗಳನ್ನು ಮಾತ್ರ ಮುಟ್ಟುವುದಿಲ್ಲ. ಕಾಣೆಯಾದವರ ಅವಶೇಷಗಳನ್ನು ಎರಡೂ ಕಡೆಯವರು ಇನ್ನೂ ಹುಡುಕುತ್ತಿರುವಾಗ, ಹೆಸರು ಕೆತ್ತಿದ ಒಂದು ತಟ್ಟೆಯೂ ಅಲ್ಲಿ ಸಾಕ್ಷ್ಯವೇ.

ಮನೆಗೆ ತಂದ ಬಟ್ಟೆಯನ್ನು ಒಗೆಯುವುದಿಲ್ಲ. ಕಾಲರಿನೊಳಗೆ ಅಗಸರು ಶಾಯಿಯಲ್ಲಿ ಹಾಕಿದ ಗುರುತು ಅಳಿಸಿದರೆ ಮತ್ತೆ ಬರುವುದಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ಮಳೆಗಾಲಕ್ಕೆ ಬೂಷ್ಟು ಹಿಡಿಯುತ್ತದೆ, ಆದ್ದರಿಂದ ಆಮ್ಲರಹಿತ ಕಾಗದದಲ್ಲಿ ಸುತ್ತಿ, ಮಡಿಕೆಗಳ ಒಳಗೂ ಕಾಗದ ತುಂಬಿ ಇಡುತ್ತೇನೆ. ಹಿತ್ತಾಳೆಯ ಬಕಲ್ ಚರ್ಮಕ್ಕೆ ತಗುಲಿದಲ್ಲಿ ಹಸಿರು ಕಿಲುಬು ಏಳುವುದರಿಂದ ಅವುಗಳ ನಡುವೆಯೂ ಒಂದು ಹಾಳೆ ಇರುತ್ತದೆ.

ಈ ಯುದ್ಧಗಳಿಗೆ ಭಾರತದ ನಂಟೂ ಇದೆ ಎಂಬುದನ್ನು ಇಲ್ಲಿನ ಸಂಗ್ರಾಹಕರು ಅಷ್ಟಾಗಿ ಗಮನಿಸಿಲ್ಲ. ಫ್ರೆಂಚರ ಯುದ್ಧವನ್ನು ಕೊನೆಗಾಣಿಸಿದ 1954ರ ಜಿನೀವಾ ಒಪ್ಪಂದದ ಪ್ರಕಾರ ರಚನೆಯಾದ ಮೇಲ್ವಿಚಾರಣಾ ಆಯೋಗದಲ್ಲಿ ಕೆನಡಾ, ಪೋಲೆಂಡ್ ಜೊತೆಗೆ ಭಾರತವಿತ್ತು, ಅಧ್ಯಕ್ಷತೆಯೂ ನಮ್ಮದೇ ಆಗಿತ್ತು. ಅಲ್ಲಿ ಸೇವೆ ಸಲ್ಲಿಸಿದ ನಮ್ಮ ಸೈನಿಕರ ಪದಕಗಳು ಹಳೆಯ ಸೈನಿಕ ಕುಟುಂಬಗಳ ಟ್ರಂಕುಗಳಲ್ಲಿ ಇಂದಿಗೂ ಇರಬಹುದು. ಅಂಥವನ್ನು ಕೊಳ್ಳಲು ನಾನು ಮುಂದಾಗುವುದಿಲ್ಲ. ಪದಕದ ಎರಡೂ ಬದಿಗಳ ಮತ್ತು ಸೇವಾಪತ್ರದ ಫೋಟೊ ತೆಗೆದುಕೊಂಡು, ಎರಡನ್ನೂ ಬೇರೆ ಮಾಡದೆ ಒಂದೇ ಕಡೆ ಇಡಿ ಎಂದು ಮನೆಯವರಿಗೆ ಹೇಳಿ ಬರುತ್ತೇನೆ.