ಮಗುವಿನ ಪಾದದ ಟೆಂಡನ್ ಆಪರೇಷನ್: ಮಾಡಿಸಬೇಕಾ, ಯಾವಾಗ ಮಾಡಿಸಬೇಕು?

ಶಾರ್ಕೋ-ಮೆರಿ-ಟೂತ್, ಅಂದರೆ ಸಿಎಂಟಿ, ವಂಶದಲ್ಲಿ ಬರುವ ನರದ ಕಾಯಿಲೆ. ಸುಮಾರು 2500 ಜನರಲ್ಲಿ ಒಬ್ಬರಿಗೆ ಇರುತ್ತದೆ. ಮಕ್ಕಳಲ್ಲಿ ಮೊದಲು ಕಾಣುವುದು ಪಾದದಲ್ಲೇ. ಕಮಾನು ಎತ್ತರವಾಗುತ್ತದೆ, ಹಿಮ್ಮಡಿ ಒಳಕ್ಕೆ ತಿರುಗುತ್ತದೆ, ಬೆರಳು ಮಡಚಿಕೊಳ್ಳುತ್ತವೆ, ಮಗು ಪದೇ ಪದೇ ಎಡವಿ ಬೀಳುತ್ತದೆ. ಇಂಥ ಪಾದವನ್ನು ಸರಿಪಡಿಸಲು ಟೆಂಡನ್, ಅಂದರೆ ಸ್ನಾಯುವನ್ನು ಮೂಳೆಗೆ ಸೇರಿಸುವ ಗಟ್ಟಿ ನಾರಿನ, ಆಪರೇಷನ್ ಮಾಡುತ್ತಾರೆ.

ಮಕ್ಕಳ ಕಾಲಿಗೆ ಫಿಸಿಯೋಥೆರಪಿ ಮಾಡುವ ನಾನು ಅಪ್ಪ ಅಮ್ಮಂದಿರು ಎರಡು ತರದಲ್ಲಿ ತಪ್ಪುವುದನ್ನು ನೋಡುತ್ತಲೇ ಬಂದಿದ್ದೇನೆ. ಕೆಲವರು "ಹಿಮ್ಮಡಿ ಟೆಂಡನ್ ಬಿಗಿಯಾಗಿದೆ, ಸ್ವಲ್ಪ ಉದ್ದ ಮಾಡಿಬಿಡೋಣ" ಅಂತ ಯಾರೋ ಅಂದ ತಕ್ಷಣ ಸಹಿ ಹಾಕುತ್ತಾರೆ. ಇನ್ನು ಕೆಲವರು "ದೊಡ್ಡವನಾಗಲಿ, ಆಮೇಲೆ ನೋಡೋಣ" ಅಂತ ಪಾದ ಪೂರ್ತಿ ಬಿಗಿದುಕೊಳ್ಳುವವರೆಗೂ ಕಾಯುತ್ತಾರೆ. ಎರಡರಿಂದಲೂ ಮಗುವಿಗೆ ನಷ್ಟ. ಹಾಗಾಗಿ ಇದನ್ನು ಬರೆಯುತ್ತಿದ್ದೇನೆ.

ಹಂತ 1: ಕಾಯಿಲೆ ಯಾವುದು ಅಂತ ಖಚಿತ ಮಾಡಿಕೊಳ್ಳಿ

ಹೆಚ್ಚು ಜನರಲ್ಲಿ ಕಾಣುವುದು 1ಎ ಎಂಬ ಬಗೆ. 17ನೇ ಕ್ರೋಮೋಸೋಮ್‌ನಲ್ಲಿರುವ ಪಿಎಂಪಿ22 ಜೀನ್ ಒಂದು ಪ್ರತಿ ಜಾಸ್ತಿ ಇರುವುದರಿಂದ ಅದು ಬರುತ್ತದೆ. ಇದನ್ನು ಹಿಡಿಯಲು ಎಂಎಲ್‌ಪಿಎ ಅನ್ನುವ ರಕ್ತ ಪರೀಕ್ಷೆ ಮೊದಲು ಮಾಡಿಸಿ. ನೇರವಾಗಿ ಬಹಳಷ್ಟು ಜೀನ್‌ಗಳನ್ನು ಒಟ್ಟಿಗೆ ಓದುವ ದುಬಾರಿ ಎಕ್ಸೋಮ್ ಟೆಸ್ಟ್‌ಗೆ ಹೋದರೆ ಈ ಹೆಚ್ಚುವರಿ ಪ್ರತಿ ಕಣ್ತಪ್ಪಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರ-ಸ್ನಾಯು ಕಾಯಿಲೆಗಳನ್ನೇ ನೋಡುವ ವೈದ್ಯರಿದ್ದಾರೆ, ಅಲ್ಲಿಂದ ಶುರು ಮಾಡುವುದು ಒಳ್ಳೆಯದು. ಅಪ್ಪ ಅಮ್ಮನೂ ಚಪ್ಪಲಿ ಬಿಚ್ಚಿ ಕಾಲು ತೋರಿಸಿ. ಸೋದರ ಸಂಬಂಧದಲ್ಲಿ ಮದುವೆಯಾಗಿದ್ದರೆ ಅದನ್ನೂ ಮುಚ್ಚಿಡದೆ ಹೇಳಿ, ಆಗ ಬೇರೆ ಬಗೆಯ ಸಿಎಂಟಿ ಹುಡುಕಬೇಕಾಗುತ್ತದೆ.

ಒಂದೇ ಕಾಲಿನ ಕಮಾನು ಎತ್ತರವಾಗಿದ್ದರೆ ಕಾರಣ ಬೆನ್ನುಹುರಿಯಲ್ಲಿರಬಹುದು, ಮೊದಲು ಅದರ ಎಂಆರ್‌ಐ. ಇದರಲ್ಲಿ ಚೌಕಾಸಿ ಬೇಡ.

ಹಂತ 2: ಆರು ತಿಂಗಳಿಗೊಮ್ಮೆ ಫೋಟೋ ತೆಗೆಯಿರಿ

ಬರಿಗಾಲಲ್ಲಿ ನಿಲ್ಲಿಸಿ ಹಿಂದಿನಿಂದ, ಪಕ್ಕದಿಂದ. ಹಳೆಯ ಶೂನ ಅಟ್ಟೆಯದೂ ಒಂದು. ಅಷ್ಟೇ.

ಹಂತ 3: ಯಾವ ಸ್ನಾಯು ಎಳೆಯುತ್ತಿದೆ, ಪಾದ ಇನ್ನೂ ಬಾಗುತ್ತದಾ?

ಎಲ್ಲ ತೀರ್ಮಾನವೂ ಇಲ್ಲೇ ಇದೆ, ಜನ ಅವಸರ ಮಾಡುವುದೂ ಇಲ್ಲೇ.

ಸಿಎಂಟಿಯಲ್ಲಿ ಎಲ್ಲ ಸ್ನಾಯುಗಳೂ ಒಂದೇ ಸಮ ಸೋಲುವುದಿಲ್ಲ. ಪಾದವನ್ನು ಮೇಲೆತ್ತುವ ಮುಂದಿನ ಸ್ನಾಯು ಬೇಗ ಸೋಲುತ್ತದೆ, ಹೊರಕ್ಕೆ ತಿರುಗಿಸುವ ಪೆರೋನಿಯಸ್ ಬ್ರೆವಿಸ್ ಕೂಡ. ಆದರೆ ಅದರ ಪಕ್ಕದ ಪೆರೋನಿಯಸ್ ಲಾಂಗಸ್ ಗಟ್ಟಿಯಾಗಿ ಉಳಿದು ಹೆಬ್ಬೆರಳಿನ ಬುಡವನ್ನು ಕೆಳಕ್ಕೆ ಎಳೆಯುತ್ತಲೇ ಇರುತ್ತದೆ. ಒಳಗಡೆಯ ಟಿಬಿಯಾಲಿಸ್ ಪೋಸ್ಟೀರಿಯರ್ ಹಿಮ್ಮಡಿಯನ್ನು ಒಳಕ್ಕೆ ಎಳೆಯುತ್ತದೆ. ಚಪ್ಪರದ ಕಂಬಕ್ಕೆ ಎರಡೂ ಕಡೆ ಹಗ್ಗ ಕಟ್ಟಿ ಒಂದನ್ನು ಸಡಿಲ ಬಿಟ್ಟರೆ ಕಂಬ ಬಿಗಿಯಾದ ಕಡೆಗೇ ವಾಲುತ್ತದೆ ಅಲ್ವಾ, ಹಾಗೆ. ಟೆಂಡನ್ ಆಪರೇಷನ್ ಅಂದರೆ ಬಲವಿರುವ ಹಗ್ಗವನ್ನು ಬಿಚ್ಚಿ ಬಲ ಬೇಕಾದ ಕಡೆಗೆ ಕಟ್ಟುವುದು. ಲಾಂಗಸ್ಸನ್ನು ಬ್ರೆವಿಸ್‌ಗೆ ಜೋಡಿಸುತ್ತಾರೆ, ಪೋಸ್ಟೀರಿಯರನ್ನು ಪಾದದ ಮೇಲ್ಭಾಗಕ್ಕೆ ತರುತ್ತಾರೆ, ಅಂಗಾಲಿನ ಬಿಗಿ ಪೊರೆಯನ್ನು ಸಡಿಲ ಮಾಡುತ್ತಾರೆ.

ಹಾಗಾಗಿ ಪ್ರತಿ ಸ್ನಾಯುವಿಗೂ ಬಲದ ಅಂಕ ಬರೆಸಿಕೊಳ್ಳಿ. 0ರಿಂದ 5ರವರೆಗೆ ಅಂಕ ಕೊಡುತ್ತಾರೆ. ಜಾಗ ಬದಲಿಸಿದ ಸ್ನಾಯು ಸಾಮಾನ್ಯವಾಗಿ ಒಂದು ಅಂಕದಷ್ಟು ಬಲ ಕಳೆದುಕೊಳ್ಳುತ್ತದೆ. 4 ಅಥವಾ 5 ಇದ್ದಾಗ ಕಟ್ಟಿದರೆ ಅದು ಕೆಲಸ ಮಾಡುತ್ತದೆ, 3ಕ್ಕೆ ಇಳಿದ ಮೇಲೆ ಕಟ್ಟಿದರೆ ಪಾದವನ್ನು ಎತ್ತುವಷ್ಟು ಶಕ್ತಿ ಉಳಿಯುವುದಿಲ್ಲ. ಕಾಯುವುದಕ್ಕೂ ಬೆಲೆ ಇದೆ ಅನ್ನುವುದು ಇದಕ್ಕೇ. ಅಂಕ ಬರೆಯದೆ ಆಪರೇಷನ್ ತಾರೀಖು ಕೊಡುವ ಕಡೆಯಿಂದ ಎದ್ದು ಬನ್ನಿ.

ಪಾದ ಬಾಗುತ್ತದಾ ಅಂತ ನೋಡಲು ಕೋಲ್ಮನ್ ಬ್ಲಾಕ್ ಟೆಸ್ಟ್ ಇದೆ. ಒಂದಿಂಚು ದಪ್ಪದ ಮರದ ತುಂಡಿನ ಮೇಲೆ ಹಿಮ್ಮಡಿ ಮತ್ತು ಪಾದದ ಹೊರ ಅಂಚು ಇರಬೇಕು, ಹೆಬ್ಬೆರಳಿನ ಬುಡ ಅಂಚಿನಿಂದ ಕೆಳಗೆ ಇಳಿಯಬೇಕು. ಈಗ ಹಿಂದಿನಿಂದ ನೋಡಿ. ಒಳಕ್ಕೆ ತಿರುಗಿದ್ದ ಹಿಮ್ಮಡಿ ನೆಟ್ಟಗಾದರೆ ಅದು ಇನ್ನೂ ಬಾಗುತ್ತದೆ ಅಂತ ಅರ್ಥ, ಹಿಮ್ಮಡಿಯ ಮೂಳೆಯನ್ನು ಮುಟ್ಟದೆ ಮುಗಿಯುವ ಸಾಧ್ಯತೆ ಜಾಸ್ತಿ. ನೆಟ್ಟಗಾಗದಿದ್ದರೆ ಹಿಮ್ಮಡಿಯ ಮೂಳೆ ಕತ್ತರಿಸಿ ಸರಿಸುವ ಮಾತು ಬರುತ್ತದೆ. ಮನೆಯಲ್ಲೂ ಮಾಡಿ ನೋಡಬಹುದು, ಆದರೆ ತೀರ್ಮಾನ ವೈದ್ಯರದು.

ಇನ್ನು ಹಿಮ್ಮಡಿ ಟೆಂಡನ್, ಅಂದರೆ ಅಕಿಲಿಸ್. ಮಗು ತುದಿಗಾಲಲ್ಲಿ ನಡೆದಂತೆ ಕಾಣುತ್ತದೆ, ನೋಡಿದವರೆಲ್ಲ ಅದೇ ಬಿಗಿಯಾಗಿದೆ ಅನ್ನುತ್ತಾರೆ. ಎಷ್ಟೋ ಸಲ ಕೆಳಕ್ಕೆ ಇಳಿದಿರುವುದು ಪಾದದ ಮುಂಭಾಗ ಮಾತ್ರ, ಹಿಮ್ಮಡಿ ಸರಿಯಾಗೇ ಇರುತ್ತದೆ. ನಿಂತು ತೆಗೆದ ಪಕ್ಕದ ಎಕ್ಸ್‌ರೇಯಲ್ಲಿ ಇದು ಗೊತ್ತಾಗುತ್ತದೆ. ಹಿಮ್ಮಡಿ ಮೂಳೆಯ ಮುಂದಿನ ತುದಿ ಚೆನ್ನಾಗಿ ಮೇಲೆದ್ದಿದ್ದರೆ ಅಕಿಲಿಸ್ ಬಿಗಿಯಾಗಿಲ್ಲ. ಅಂಥ ಮಗುವಿಗೆ ಅದನ್ನು ಉದ್ದ ಮಾಡಿದರೆ ಮೀನಖಂಡದ ತಳ್ಳುವ ಬಲ ಹೋಗುತ್ತದೆ, ಮೊಣಕಾಲು ಬಗ್ಗಿಸಿಕೊಂಡು ನಡೆಯುವಂತಾಗುತ್ತದೆ, ಆ ಬಲವನ್ನು ವಾಪಸ್ ತರುವುದು ತುಂಬಾ ಕಷ್ಟ. ಮಲಗಿಸಿ ತೆಗೆದ ಎಕ್ಸ್‌ರೇ ಇದಕ್ಕೆ ಬರುವುದಿಲ್ಲ. ಲ್ಯಾಬ್‌ನಲ್ಲಿ ಸುಮ್ನೆ ಮಲಗಿಸಿ ತೆಗೆಯಲು ಹೊರಟರೆ ಒಪ್ಪಬೇಡಿ, ನಿಲ್ಲಿಸಿಯೇ ತೆಗೆಸಿ. ಜೊತೆಗೆ ಸೊಂಟದ ಎಕ್ಸ್‌ರೇ ಕೂಡ ಒಂದು, ಯಾಕೆಂದರೆ ಸಿಎಂಟಿ ಮಕ್ಕಳಲ್ಲಿ ಸೊಂಟದ ಕೀಲು ಸದ್ದಿಲ್ಲದೆ ಕೆಡುವುದುಂಟು.

ನಡುವೆ ಒಂದು ಮಾತು. ಆನ್‌ಲೈನ್‌ನಲ್ಲಿ ಸಿಗುವ ಕಮಾನು ಎತ್ತುವ ಸಿಲಿಕೋನ್ ಇನ್‌ಸೋಲ್ ಕೊಳ್ಳಬೇಡಿ. ಅದು ಚಪ್ಪಟೆ ಪಾದಕ್ಕೆ ಮಾಡಿದ್ದು, ಈ ಪಾದವನ್ನು ಇನ್ನಷ್ಟು ಹೊರ ಅಂಚಿಗೆ ತಳ್ಳುತ್ತದೆ. ಇಲ್ಲಿ ಬೇಕಾದದ್ದು ಹೊರ ಅಂಚನ್ನು ಎತ್ತಿ, ಹೆಬ್ಬೆರಳಿನ ಬುಡಕ್ಕೆ ಗುಳಿ ಬಿಟ್ಟು ಅಳತೆಗೆ ಮಾಡಿಸಿದ್ದು. ನರಕ್ಕೆ ಶಕ್ತಿ ಅಂತ ಮಾರುವ ಮಾತ್ರೆಗಳ ಬಗ್ಗೆಯೂ ಎಚ್ಚರ. ಬಿ6 ವಿಟಮಿನ್ ಅತಿಯಾದರೆ ಅದೇ ನರವನ್ನು ಕೆಡಿಸುತ್ತದೆ. ಹೆಚ್ಚಿನ ಪ್ರಮಾಣದ ವಿಟಮಿನ್ ಸಿಯನ್ನು 1ಎ ಬಗೆಯವರಲ್ಲಿ ಪರೀಕ್ಷಿಸಿ ನೋಡಿದ್ದಾರೆ, ಪ್ರಯೋಜನ ಕಾಣಲಿಲ್ಲ.

ಹಂತ 4: ಈಗಲೇ ಬೇಕಾ?

ವಯಸ್ಸು ನೋಡಿ ನಿರ್ಧಾರ ಮಾಡಬೇಡಿ, ಪಾದ ನೋಡಿ ಮಾಡಿ. ಫೋಟೋದಲ್ಲಿ ಹಿಮ್ಮಡಿ ವಾಲುವುದು ಹೆಚ್ಚುತ್ತಿದ್ದರೆ, ಕಾಲು ಪದೇ ಪದೇ ಉಳುಕುತ್ತಿದ್ದರೆ, ಹೊರ ಅಂಚಿನಲ್ಲಿ ಆಣಿ ಕಟ್ಟುತ್ತಿದ್ದರೆ, ಪಾದ ಮತ್ತು ಕಣಕಾಲನ್ನು ಹಿಡಿದಿಡಲು ಅಳತೆಗೆ ಮಾಡಿಸಿದ ಎಎಫ್‌ಒ ಪಟ್ಟಿಯೊಳಗೆ ಪಾದ ಕೂರದಿದ್ದರೆ ಸಮಯ ಬಂದಿದೆ. ಇವು ಯಾವುವೂ ಇಲ್ಲದೆ ಮಗು ಆರಾಮಾಗಿ ಆಡಿಕೊಂಡಿದ್ದರೆ ಕಾಯಬಹುದು, ಆದರೆ ಆರು ತಿಂಗಳಿಗೊಮ್ಮೆ ತೋರಿಸುತ್ತಾ ಕಾಯಬೇಕು.

ಮಗುವನ್ನೂ ಕೇಳಿ. ಆಪರೇಷನ್ ನರದ ಕಾಯಿಲೆಯನ್ನು ವಾಸಿ ಮಾಡುವುದಿಲ್ಲ, ಪಾದವನ್ನು ನೆಲದ ಮೇಲೆ ಸಮನಾಗಿ ಊರಿಸುತ್ತದೆ ಅಂತ ಅದಕ್ಕೆ ಅರ್ಥವಾಗುವ ಹಾಗೆ ಹೇಳಿ. ಓಟದಲ್ಲಿ ಮೊದಲು ಬರಬಹುದು ಅಂತ ಆಸೆ ಹುಟ್ಟಿಸಬೇಡಿ.

ಹಂತ 5: ಸರ್ಜನ್ ಹತ್ತಿರ ಏನು ಕೇಳಬೇಕು

ಇಬ್ಬರ ಅಭಿಪ್ರಾಯ ಬೇಕೇ ಬೇಕು. ಯಾವ ಟೆಂಡನ್ ಎಲ್ಲಿಗೆ ಹೋಗುತ್ತದೆ ಅಂತ ಕಾಗದದ ಮೇಲೆ ಬರೆದು ತೋರಿಸಲು ಹೇಳಿ. ಕುಷ್ಠರೋಗದಿಂದ ಪಾದ ಜೋತುಬಿದ್ದವರಿಗೆ ಪೋಸ್ಟೀರಿಯರ್ ಟೆಂಡನ್ ಜಾಗ ಬದಲಿಸುವ ಕೆಲಸ ನಮ್ಮ ದಕ್ಷಿಣ ಭಾರತದಲ್ಲಿ ದಶಕಗಳಿಂದ ನಡೆದಿದೆ, ಆ ಕೈ ಪಳಗಿದ ಸರ್ಜನ್ ಸಿಕ್ಕರೆ ಒಳ್ಳೆಯದೇ. ಆದರೆ ಕುಷ್ಠರೋಗ ವಾಸಿಯಾದ ಮೇಲೆ ಸಾಮಾನ್ಯವಾಗಿ ನರದ ಸೋಲು ನಿಲ್ಲುತ್ತದೆ, ಸಿಎಂಟಿಯಲ್ಲಿ ಮುಂದುವರಿಯುತ್ತದೆ. ಹತ್ತು ವರ್ಷದ ನಂತರ ಯಾವ ಸ್ನಾಯು ಉಳಿದಿರುತ್ತದೆ ಅನ್ನುವುದನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದೀರಾ ಅಂತ ನೇರವಾಗಿ ಕೇಳಿ. ಹೆಬ್ಬೆರಳಿನ ಬುಡದ ಮೂಳೆ ಕತ್ತರಿಸುವುದಾದರೆ ಅಲ್ಲಿರುವ ಬೆಳವಣಿಗೆಯ ಪದರಕ್ಕೆ ಏನಾಗುತ್ತದೆ ಅಂತಲೂ ಕೇಳಿ. ಮೂರು ಕೀಲುಗಳನ್ನು ಶಾಶ್ವತವಾಗಿ ಬೆಸೆಯುವ ಟ್ರಿಪಲ್ ಆರ್ತ್ರೋಡಿಸಿಸ್ ಅನ್ನು, ಬಾಗುವ ಪಾದದ ಮಗುವಿಗೆ ನಾನಂತೂ ಒಪ್ಪುವುದಿಲ್ಲ. ವರ್ಷಗಳು ಕಳೆದ ಮೇಲೆ ಪಕ್ಕದ ಕೀಲುಗಳು ಸವೆದು ನೋವು ಶುರುವಾಗುತ್ತದೆ.

ಅರಿವಳಿಕೆ ಕೊಡುವವರಿಗೆ ಸಿಎಂಟಿ ಇದೆ ಅಂತ ಮೊದಲೇ ತಿಳಿಸಿ. ವಿನ್‌ಕ್ರಿಸ್ಟಿನ್ ಎಂಬ ಕ್ಯಾನ್ಸರ್ ಔಷಧಿ ಈ ಮಕ್ಕಳಿಗೆ ಅಪಾಯ, ಅದನ್ನೂ ಫೈಲ್‌ನ ಮೇಲೆ ಬರೆದಿಡಿ.

ಹಂತ 6: ತಾರೀಖು, ಮನೆ, ಆಮೇಲಿನ ದಿನಗಳು

ಏಪ್ರಿಲ್‌ನಲ್ಲಿ ಮಾಡಿಸಿ. ಬೇಸಿಗೆಯಲ್ಲಿ ಪ್ಲಾಸ್ಟರ್ ಒಳಗೆ ಬೆವರುತ್ತದೆ, ನಿಜ, ಆದರೆ ಪ್ಲಾಸ್ಟರ್ ಸಾಮಾನ್ಯವಾಗಿ ಆರು ವಾರದಷ್ಟು ಇರುತ್ತದೆ, ಜೂನ್‌ನಲ್ಲಿ ಎಎಫ್‌ಒ ಹಾಕಿಕೊಂಡು ಶಾಲೆಗೆ ಹೋಗಬಹುದು. ಮೊದಲ ಕೆಲವು ವಾರ ಕಾಲೂರುವಂತಿಲ್ಲ. ಮನೆಯಲ್ಲಿ ಇಂಡಿಯನ್ ಟಾಯ್ಲೆಟ್ ಮಾತ್ರ ಇದ್ದರೆ ಕಮೋಡ್ ಕುರ್ಚಿಯನ್ನು ಆಪರೇಷನ್‌ಗೆ ಮೊದಲೇ ತಂದಿಡಿ. ಎರಡೂ ಪಾದ ಒಟ್ಟಿಗೆ ಬೇಡ, ಒಂದು ಕಾಲಾದರೂ ನಿಲ್ಲಲು ಇರಲಿ.

ಪ್ಲಾಸ್ಟರ್ ಬಿಚ್ಚಿದ ದಿನ ಕೆಲಸ ಮುಗಿಯಿತು ಅಂದುಕೊಳ್ಳುವವರೇ ಹೆಚ್ಚು. ಹಿಂದೆ ಇದ್ದ ಸ್ನಾಯು ಈಗ ಮುಂದಿನ ಕೆಲಸ ಮಾಡಬೇಕು, ಅದನ್ನು ಮಗು ಹೊಸದಾಗಿ ಕಲಿಯಬೇಕು. ದಿನಕ್ಕೆ ಎರಡು ಮೂರು ಸಲ, ಸ್ವಲ್ಪ ಸ್ವಲ್ಪ ಹೊತ್ತು, ತಿಂಗಳುಗಟ್ಟಲೆ ಅಭ್ಯಾಸ ಬೇಕು. ಊರಿನ ಹತ್ತಿರವೇ ಫಿಸಿಯೋ ಒಬ್ಬರನ್ನು ಆಪರೇಷನ್‌ಗೆ ಮೊದಲೇ ಗೊತ್ತುಮಾಡಿಕೊಳ್ಳಿ. ಬೆಂಗಳೂರಿಗೆ ವಾರವಾರ ಓಡಾಡುತ್ತೇವೆ ಅನ್ನುವ ಯೋಜನೆ ಎರಡನೇ ತಿಂಗಳಿಗೇ ನಿಂತುಹೋಗುತ್ತದೆ. ಎರಡನೇ ಪಾದದ ತಾರೀಖನ್ನು, ಮೊದಲನೆಯದರ ಮೇಲೆ ಮಗು ಧೈರ್ಯವಾಗಿ ಭಾರ ಹಾಕಿ ನಡೆಯಲು ಶುರು ಮಾಡಿದ ಮೇಲೆ ಮಾತ್ರ ಕೇಳಿ.