ನೆಲಮಾಳಿಗೆಯ ಮಣ್ಣು, ಶಾಲೆಯ ಗೋಡೆ: ನನ್ನ ಅನುಭವ

ಎರಡು ಮಳೆಗಾಲ ಕಳೆಯುವವರೆಗೆ ಈ ಕೋಣೆಯ ಬಗ್ಗೆ ಎಲ್ಲಿಯೂ ಬರೆಯಬಾರದೆಂದು ನಾವು 14 ಮಂದಿ ಮೊದಲೇ ಮಾತಾಡಿಕೊಂಡಿದ್ದೆವು. ವಾಸ್ತುಶಿಲ್ಪ ಪದವಿಯ ನಾಲ್ಕನೆಯ ವರ್ಷದಲ್ಲಿದ್ದಾಗ, ಅಂದರೆ 2023ರ ಜನವರಿಯಿಂದ ಜೂನ್‌ವರೆಗೆ, ಬೆಂಗಳೂರಿನ ದಕ್ಷಿಣದ ಅಂಚಿನ ಒಂದು ಸರ್ಕಾರಿ ಶಾಲೆಯ ಅಂಗಳದಲ್ಲಿ 12 ಅಡಿಗೆ 16 ಅಡಿಯ ಓದುವ ಕೋಣೆಯೊಂದನ್ನು ಕಟ್ಟಿದೆವು. ಗೋಡೆಗೆ ಬಳಸಿದ್ದು, ಪಕ್ಕದ ಬೀದಿಯಲ್ಲಿ ಮನೆಯ ನೆಲಮಾಳಿಗೆಗೆಂದು ಅಗೆದು ಎಲ್ಲೋ ಸುರಿದು ಬರಲು ಸಿದ್ಧವಾಗಿದ್ದ ಮಣ್ಣು. ಮೊದಲ ಮಳೆಗೇ ಕರಗುತ್ತದೆ ಎಂದು ಹೇಳಿದವರ ಪಟ್ಟಿ ಉದ್ದವಿದೆ. ಅದರಲ್ಲಿ ನಮ್ಮದೇ ಕಾಲೇಜಿನ ಹಿರಿಯರೂ ಇದ್ದರು. 2023ರಲ್ಲಿ ಮಳೆಯೇ ಕೈಕೊಟ್ಟಿದ್ದರಿಂದ ಆ ವರ್ಷ ಗೋಡೆ ನಿಂತದ್ದನ್ನು ನಾವು ಲೆಕ್ಕಕ್ಕೆ ಹಿಡಿದಿರಲಿಲ್ಲ. 2024ರ ಅಕ್ಟೋಬರ್‌ನಲ್ಲಿ ದಿನಗಟ್ಟಲೆ ಸುರಿದ ಮೇಲೂ ಗೋಡೆ ನಿಂತಿರುವುದನ್ನು ನೋಡಿದ ಮೇಲೆಯೇ ಈ ಬರಹಕ್ಕೆ ಕೈಹಾಕಿದ್ದೇನೆ.

ಈ ಕೆಲಸದ ಮೂಲ ಒಂದು ಅವಮಾನ. ಮೂರನೆಯ ವರ್ಷದ ಜ್ಯೂರಿಯಲ್ಲಿ, ಅಂದರೆ ವಿನ್ಯಾಸದ ಮೌಲ್ಯಮಾಪನದಲ್ಲಿ, ನನ್ನ ವಸತಿ ಸಂಕೀರ್ಣದ ಹಾಳೆಗಳನ್ನು ನೋಡಿದ ಅತಿಥಿ ವಾಸ್ತುಶಿಲ್ಪಿಯೊಬ್ಬರು, ಪ್ರತಿ ಬಾಲ್ಕನಿಯಲ್ಲೂ ನಾನು ಅಂಟಿಸಿದ್ದ ಗಿಡಗಳನ್ನು ಬೆರಳಿನಿಂದ ಒಂದೊಂದಾಗಿ ಎಣಿಸಿ, ಇವುಗಳಿಗೆ ನೀರು ಎಲ್ಲಿಂದ ಬರುತ್ತದೆ ಎಂದು ಮಾತ್ರ ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ನಮ್ಮ ಪೈಕಿ ಬಹುಮಂದಿ ಹಸಿರು ನಗರವನ್ನು ಕಂಪ್ಯೂಟರಿನಲ್ಲೇ ಕಟ್ಟಿ ಅಂಕ ಪಡೆದು ಹೊರಬೀಳುತ್ತೇವೆ ಎಂಬುದು ಆ ದಿನ ಚುಚ್ಚಿದಷ್ಟು ಮತ್ತೆಂದೂ ಚುಚ್ಚಲಿಲ್ಲ.

ಮಣ್ಣಿಗೆ ತುಸು ಸಿಮೆಂಟ್ ಬೆರೆಸಿ, ಸುಡದೆ, ಅಚ್ಚಿನಲ್ಲಿ ಒತ್ತಿ ಬ್ಲಾಕು ಮಾಡುವ ಒತ್ತುಯಂತ್ರ ವಾಸ್ತುಶಿಲ್ಪ ಓದುವ ನಮಗೆಲ್ಲ ಗೊತ್ತಿರುವುದೇ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕೆಂದು 1974ರಲ್ಲಿ ಆರಂಭವಾದ ಅಸ್ತ್ರ ಕೇಂದ್ರದಲ್ಲಿ ರೂಪುಗೊಂಡ ಮರ್ದಿನಿ ಮಾದರಿಯ ಕೈಯಂತ್ರವನ್ನೇ ಬಾಡಿಗೆಗೆ ತಂದೆವು. 230, 190, 100 ಮಿಲಿಮೀಟರಿನ ಅಚ್ಚು. ಇದು ನಮ್ಮ ಊರಿನಲ್ಲೇ ಹುಟ್ಟಿದ, ನಮ್ಮ ಊರಿನ ಕೆಂಪು ಮಣ್ಣಿಗೆ ಹೇಳಿ ಮಾಡಿಸಿದ ತಂತ್ರ. ಹಾಗಿದ್ದೂ ಬೆಂಗಳೂರಿನ ನೂರು ಮನೆಗಳಲ್ಲಿ ಒಂದರಲ್ಲಾದರೂ ಇದು ಕಾಣುವುದಿಲ್ಲವೇಕೆ ಎಂದು ಕೇಳಿದರೆ, ಕಲಿಯುವಾಗ ಕೆಟ್ಟು ಗುತ್ತಿಗೆದಾರನಿಗೆ ನಷ್ಟವಾಗುವ ಮೊದಲ 500 ಬ್ಲಾಕುಗಳ ಹಣವನ್ನು ಯಾರೂ ಕೊಡುವುದಿಲ್ಲ ಎಂಬುದೇ ನಾನು ಕಂಡುಕೊಂಡ ಉತ್ತರ. ವಿದ್ಯಾರ್ಥಿಗಳಿಗೆ ಈ ಕೆಲಸದಲ್ಲಿ ಒಂದು ಪಾತ್ರವಿದ್ದರೆ ಅದು ಅಲ್ಲಿದೆ: ಮೇಸ್ತ್ರಿಗೆ ಒಂದು ದಿನದ ಕೆಲಸ ಹಾಳಾದರೆ ಒಂದು ದಿನದ ಸಂಬಳ ಹೋದಂತೆ, ನಮಗೆ ಒಂದು ಶನಿವಾರ ಹೋದಂತೆ.

ನಮ್ಮ ಮೊದಲ 500 ಹೇಗೆ ಹೋದವೆಂದು ಹೇಳುತ್ತೇನೆ. ನೆಲಮಾಳಿಗೆಯ ಜೆಸಿಬಿ ಕೆಲಸ ಶುರುವಾದ ದಿನವೇ ಹೋಗಿ ಬಂದ ಮೊದಲ ಟಿಪ್ಪರ್ ಲೋಡನ್ನು ಶಾಲೆಗೆ ಸುರಿಸಿಕೊಂಡೆವು. ಅದು ಮೇಲಿನ ಮೂರಡಿಯ ಮಣ್ಣು. ಬೇರು, ಪ್ಲಾಸ್ಟಿಕ್, ಹಳೆಯ ಗಾರೆಯ ಚೂರು ಎಲ್ಲವೂ ಅದರಲ್ಲಿದ್ದವು. ಜರಡಿ ಹಿಡಿದು ಕೈ ಬೊಬ್ಬೆ ಬಂದದ್ದೇ ಲಾಭ. ಆ ಬ್ಲಾಕುಗಳನ್ನು ಅಚ್ಚಿನಿಂದ ಎತ್ತುವಾಗಲೇ ಮೂಲೆಗಳು ನಮ್ಮ ಅಂಗೈಯಲ್ಲಿ ಉಳಿಯುತ್ತಿದ್ದವು. ಆರಡಿ ಆಳಕ್ಕೆ ಹೋದ ಮೇಲೆ ಬಂದ ಮಣ್ಣು ಚೆನ್ನಾಗಿತ್ತು, ಆದರೆ ಬಾಟಲಿ ಪರೀಕ್ಷೆಯಲ್ಲಿ, ಅಂದರೆ ಮಣ್ಣನ್ನು ಬಾಟಲಿಯ ನೀರಿನಲ್ಲಿ ಕಲಕಿ ತಳಕ್ಕಿಳಿದ ಪದರಗಳನ್ನು ಅಳೆದಾಗ, ಜೇಡಿ ಕಾಲು ಭಾಗದಷ್ಟು ತೋರಿತು, ಅದು ಹೆಚ್ಚಾಯಿತು. ಐದು ಬಾಂಡ್ಲಿ ಮಣ್ಣಿಗೆ ಮೂರು ಬಾಂಡ್ಲಿ ಕ್ವಾರಿ ಡಸ್ಟ್ (ಜಲ್ಲಿ ಒಡೆದಾಗ ಉಳಿಯುವ ಕಲ್ಲಿನ ಪುಡಿ) ಸೇರಿಸಿ, ಸಿಮೆಂಟನ್ನು ಶೇಕಡ 7ರ ಆಸುಪಾಸಿಗೆ ನಿಲ್ಲಿಸಿದೆವು. ಸಿಮೆಂಟ್ ಹೆಚ್ಚಿಸಿದರೆ ಎಲ್ಲ ಸರಿಹೋಗುತ್ತದೆ ಎಂಬ ಆಸೆ ಎಲ್ಲರಿಗೂ ಬರುತ್ತದೆ. ನಮಗೂ ಬಂದಿತ್ತು, ಶೇಕಡ 10ಕ್ಕೆ ಹೋಗಿ ನೋಡಿದೆವು, ಹಣ ಖರ್ಚಾಯಿತೇ ಹೊರತು ಮೂಲೆ ಮುರಿಯುವುದು ನಿಲ್ಲಲಿಲ್ಲ.

ಅದನ್ನು ನಿಲ್ಲಿಸಿದ್ದು 600 ರೂಪಾಯಿಯ ಒಂದು ತಕ್ಕಡಿ. ಅಚ್ಚಿಗೆ ಹಾಕುವ ಮಿಶ್ರಣವನ್ನು ನಾವು ಬಾಂಡ್ಲಿಯ ಅಂದಾಜಿನಲ್ಲಿ ಸುರಿಯುತ್ತಿದ್ದೆವು. ಬೆಳಿಗ್ಗೆ ಉತ್ಸಾಹದಲ್ಲಿ ಹೆಚ್ಚು, ಮಧ್ಯಾಹ್ನ ಬಿಸಿಲೇರಿದ ಮೇಲೆ ಕಡಿಮೆ. ಒಂದೊಂದು ಅಚ್ಚಿಗೂ ಎಂಟೂವರೆ ಕಿಲೋ ತೂಗಿ ಹಾಕಲು ಶುರುಮಾಡಿದ ದಿನದಿಂದ ಬ್ಲಾಕುಗಳ ಮುಖವೇ ಬದಲಾಯಿತು. ಪುಸ್ತಕದಲ್ಲಿ ಸಾಂದ್ರತೆಯ ಬಗ್ಗೆ ಓದಿ ಪರೀಕ್ಷೆ ಬರೆದಿದ್ದ ನಾವೆಲ್ಲ ತೂಗುವುದನ್ನು ಮಾತ್ರ ಮರೆತಿದ್ದೆವು. ಇನ್ನು ತೇವದ ವಿಷಯದಲ್ಲಿ ನಮ್ಮ ಗುಂಪಿನ ಒಬ್ಬಳ ಕೈ ಎಷ್ಟು ಪಳಗಿತೆಂದರೆ, ಮುಷ್ಟಿಯಲ್ಲಿ ಉಂಡೆ ಕಟ್ಟಿ, ಸೊಂಟದ ಎತ್ತರದಿಂದ ಬಿಟ್ಟು, ನೆಲದ ಮೇಲೆ ಅದು ಒಡೆಯುವ ರೀತಿಯಲ್ಲೇ ಇನ್ನೊಂದು ಚೊಂಬು ನೀರು ಬೇಕೋ ಬೇಡವೋ ಹೇಳುತ್ತಿದ್ದಳು. ಅವಳು ನೋಡುತ್ತಿದ್ದ ಗುರುತು ಯಾವುದೆಂದು ನನಗೂ ಈಗ ಗೊತ್ತು. ಅದನ್ನು ಬರೆದರೆ ಓದಿದವರು ಉಂಡೆ ಕಟ್ಟುವುದನ್ನೇ ಬಿಟ್ಟುಬಿಡುತ್ತಾರೆಂದು ಬರೆಯುತ್ತಿಲ್ಲ.

ಎರಡನೆಯ ಸೋಲು ಯುಗಾದಿಯದ್ದು. ಹಬ್ಬಕ್ಕೆ ಎಲ್ಲರೂ ಊರಿಗೆ ಹೋದೆವು. ಸಿಮೆಂಟ್ ಗಟ್ಟಿಯಾಗಲೆಂದು ಮೂರು ದಿನ ಬ್ಲಾಕುಗಳಿಗೆ ನೀರು ಹಾಕುವ ಹೊಣೆಯನ್ನು ಇಬ್ಬರು ಒಪ್ಪಿಕೊಂಡಿದ್ದರು. ಇಬ್ಬರೂ ಇನ್ನೊಬ್ಬನು ಹಾಕುತ್ತಾನೆಂದು ನಂಬಿದ್ದರು. ಮಾರ್ಚ್ ಬಿಸಿಲಿನಲ್ಲಿ ಬ್ಲಾಕುಗಳಿಗೆ ಹೊದಿಸಿದ್ದ ಗೋಣಿಚೀಲಗಳು ಹಪ್ಪಳವಾಗಿದ್ದವು. ಸುಮಾರು 300 ಬ್ಲಾಕುಗಳನ್ನು ಮೊಳೆಯಿಂದ ಗೀರಿದರೆ ಸುಣ್ಣದ ಪುಡಿಯಂತೆ ಉದುರಿದವು. ಅವನ್ನು ಮತ್ತೆ ಪುಡಿಮಾಡಿ ಬಳಸೋಣ ಎಂದು ಒಬ್ಬ ಹೇಳಿದ. ಸಿಮೆಂಟ್ ಗಟ್ಟಿಯಾದ ಮಣ್ಣು ಮತ್ತೆ ಮಣ್ಣಾಗುವುದಿಲ್ಲವೆಂದು ಅವನಿಗೆ ಒಪ್ಪಿಸುವಷ್ಟರಲ್ಲಿ ಸಂಜೆಯಾಯಿತು. ಅವು ಈಗ ಶಾಲೆಯ ಕೈತೋಟದ ಪಾತಿಗಳ ಅಂಚಾಗಿವೆ. ಅಲ್ಲಿಂದ ಮುಂದೆ ನೀರು ಹಾಕಿದವರು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ದಿನಾಂಕ ಬರೆದು ಸಹಿ ಹಾಕಬೇಕೆಂಬ ನಿಯಮ ಬಂತು, 21 ದಿನವೂ ತಪ್ಪಲಿಲ್ಲ. ಒಟ್ಟು 1,900ರಷ್ಟು ಒಳ್ಳೆಯ ಬ್ಲಾಕುಗಳಾದವು. ಮೊದಲ ದಿನ 90 ಒತ್ತಿದವರು ಕೊನೆಕೊನೆಗೆ ದಿನಕ್ಕೆ 220 ಒತ್ತುತ್ತಿದ್ದೆವು. ಪಳಗಿದ ಕೆಲಸಗಾರರು ಇದಕ್ಕಿಂತ ಹೆಚ್ಚು ಒತ್ತುತ್ತಾರೆಂದು ಬಲ್ಲೆ, ಆದರೆ ಅವರು ಬೆಳಿಗ್ಗೆ ಕ್ಲಾಸಿಗೆ ಹೋಗಿ ಬಂದು ಒತ್ತುವುದಿಲ್ಲ.

ಗೋಡೆ ಕಟ್ಟಲು ಬಂದ ಮೇಸ್ತ್ರಿ ಯಾದಗಿರಿ ಕಡೆಯವರು. ಬ್ಲಾಕುಗಳ ಸಾಲನ್ನು ನೋಡಿ ಬಹಳ ಹೊತ್ತು ಸುಮ್ಮನಿದ್ದು, “ಮಣ್ಣಿನ ಮನಿ ಬ್ಯಾಡಂತ ಊರು ಬಿಟ್ಟು ಬೆಂಗಳೂರಿಗೆ ಬಂದೀವ್ರಿ, ಇಲ್ಲಿ ಮತ್ತ ಮಣ್ಣಿನ ಗ್ವಾಡಿನೇ ಕಟ್ಟಸ್ತೀರೇನ್ರಿ ಸರ?” ಎಂದರು. ನಮ್ಮ ಬಳಿ ಇದ್ದ ಎಲ್ಲ ಸಮರ್ಥನೆಗಳೂ ಆ ಪ್ರಶ್ನೆಯ ಮುಂದೆ ಹಗುರವಾದವು. ಮಾತಾಡುವ ಬದಲು, ಒಂದು ಬ್ಲಾಕನ್ನು ನೀರಿನ ಡ್ರಮ್ಮಿನಲ್ಲಿ ಹಾಕಿ, ನಾಳೆ ಬೆಳಿಗ್ಗೆ ನೀವೇ ತೆಗೆಯಿರಿ ಎಂದೆವು. ಮರುದಿನ ಅವರು ಅದನ್ನು ತೆಗೆದು, ಹೆಬ್ಬೆರಳಿನಿಂದ ಉಜ್ಜಿ, ಮೂಲೆಯನ್ನು ಕರಣಿಯ ಹಿಡಿಯಿಂದ ಕುಟ್ಟಿ, ಏನೂ ಹೇಳದೆ ದಾರ ಕಟ್ಟಲು ಶುರುಮಾಡಿದರು. ಶಾಲೆಯ ಮುಖ್ಯ ಶಿಕ್ಷಕಿ ಅಷ್ಟಕ್ಕೆ ಒಪ್ಪುವವರಲ್ಲ. ಮಕ್ಕಳು ಕೂರುವ ಜಾಗಕ್ಕೆ ಕಾಗದ ಬೇಕೆಂದರು, ಅದು ಸರಿಯೂ ಹೌದು. ಕಾಲೇಜಿನ ಪ್ರಯೋಗಾಲಯದಲ್ಲಿ ನೆನೆಸಿ ಒಡೆದ ಆರು ಬ್ಲಾಕುಗಳು ತಾಳುವ ಭಾರದ ಸರಾಸರಿ ಚದರ ಮಿಲಿಮೀಟರಿಗೆ 3 ನ್ಯೂಟನ್ನಿಗೆ ತುಸು ಮೇಲೆ ಬಂತು. ಒಂದು ಅಂತಸ್ತಿನ ಕೋಣೆಗೆ ಅದು ಧಾರಾಳವಾಯಿತು. ಆ ಫಲಿತಾಂಶದ ಹಾಳೆಯನ್ನು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಓದಿದ ದಿನ ನಾನು ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದೆ.

ಹಣದ ಲೆಕ್ಕವನ್ನು ನೆನಪಿನಿಂದ ಕೊಡುತ್ತೇನೆ, ಐದು ಹತ್ತು ಸಾವಿರ ಆಚೀಚೆ ಇರಬಹುದು. ಒಟ್ಟು ಖರ್ಚು 2 ಲಕ್ಷ 60 ಸಾವಿರ. ಅದರಲ್ಲಿ ಮಾಡಿಗೆ (ಚಾವಣಿಗೆ) 78 ಸಾವಿರ, ಮೇಸ್ತ್ರಿ ಮತ್ತು ಆಳುಗಳ ಕೂಲಿಗೆ 62 ಸಾವಿರ, ಸೈಜುಗಲ್ಲಿನ ಪಾಯಕ್ಕೆ 38 ಸಾವಿರ. ಬ್ಲಾಕಿಗೆ ಬೇಕಾದ ಸಿಮೆಂಟ್ 21 ಚೀಲ, ಎಂಟೂವರೆ ಸಾವಿರವಷ್ಟೇ. ಬಾಗಿಲು ಕಿಟಕಿಗಳನ್ನು ಕೆಡವಿದ ಮನೆಗಳ ಮರ ಮಾರುವ ಅಂಗಡಿಯಿಂದ 14 ಸಾವಿರಕ್ಕೆ ತಂದೆವು. ತೇಗದ ಚೌಕಟ್ಟಿನ ಆ ಬಾಗಿಲಿನ ಅಗಲಕ್ಕೆ ತಕ್ಕಂತೆ ನಕ್ಷೆಯನ್ನೇ ಬದಲಿಸಿದ್ದು ನಮ್ಮ ವಿನ್ಯಾಸದ ಅತ್ಯುತ್ತಮ ನಿರ್ಧಾರವೆಂದು ಈಗಲೂ ಭಾವಿಸುತ್ತೇನೆ. ತಪ್ಪುಗಳಿಗೆ ಹೋದದ್ದು 20 ಸಾವಿರದ ಸಮೀಪ. ನಾವು ತಲಾ ಐದು ಸಾವಿರ ಹಾಕಿದೆವು, ಹಳೆಯ ವಿದ್ಯಾರ್ಥಿಗಳಿಂದ ಲಕ್ಷದ ಮೇಲೆ ಬಂತು, ಉಳಿದದ್ದಕ್ಕೆ ಮನೆ ಮನೆ ಅಲೆದೆವು. ಮಣ್ಣಿಗೂ ಟಿಪ್ಪರ್‌ಗೂ ನಾವು ಒಂದು ಪೈಸೆ ಕೊಡಲಿಲ್ಲ: ಮನೆಯ ಮಾಲೀಕರು ಆ ಮಣ್ಣನ್ನು ಊರಾಚೆ ಸಾಗಿಸಲು ಹೇಗೂ ಬಾಡಿಗೆ ಕೊಡಬೇಕಿತ್ತು, ಅರ್ಧ ಕಿಲೋಮೀಟರಿನಲ್ಲಿ ಸುರಿದದ್ದರಿಂದ ಅವರಿಗೇ ಉಳಿತಾಯವಾಯಿತು. ನಮ್ಮ ಕೂಲಿ ಬಿಟ್ಟರೆ ಬ್ಲಾಕಿಗೆ ಹತ್ತು ರೂಪಾಯಿ ಬಿದ್ದಿರಬೇಕು, ಒಂದು ಬ್ಲಾಕು ಎರಡೂವರೆ ಇಟ್ಟಿಗೆಯ ಜಾಗ ತುಂಬುತ್ತದೆ. ಆದರೆ 14 ಮಂದಿಯ ಶ್ರಮಕ್ಕೆ ಸರಿಯಾದ ಕೂಲಿ ಹಿಡಿದರೆ ಈ ಕೋಣೆ ಮಾಮೂಲಿ ಕೋಣೆಗಿಂತ ಅಂಥ ಅಗ್ಗವಲ್ಲ. ಅಗ್ಗ ಎಂಬ ಮಾತನ್ನು ಹಿಡಿದು ಮಣ್ಣಿನ ಮನೆಯನ್ನು ಮಾರಲು ಹೋಗುವ ಗೆಳೆಯರು ಇದನ್ನು ಗಮನಿಸಬೇಕು.

ಮಾಡಿನಲ್ಲಿ ನಾವು ಪೆಟ್ಟು ತಿಂದೆವು. ಕಾಂಕ್ರೀಟು ಉಳಿಸಲು ಮಂಗಳೂರು ಹೆಂಚುಗಳನ್ನು ಜೋಡಿ ಜೋಡಿಯಾಗಿ ಸರಳಿನ ಚೌಕಗಳ ನಡುವೆ ಇಟ್ಟು ಚಪ್ಪಡಿ ಹಾಕಿದೆವು. ಐದರಲ್ಲಿ ಒಂದು ಪಾಲು ಕಾಂಕ್ರೀಟು ಉಳಿಯಿತು. ಪಶ್ಚಿಮದ ಅರ್ಧಕ್ಕೆ ಹೆಂಚುಗಳನ್ನು ರಾತ್ರಿಯೆಲ್ಲ ನೀರಿನಲ್ಲಿ ನೆನೆಸಿಟ್ಟಿದ್ದೆವು. ಪೂರ್ವದ ಅರ್ಧಕ್ಕೆ ಹೆಂಚು ಸಾಲದೆ ಬೆಳಿಗ್ಗೆ ತಂದವನ್ನು ಹಾಗೆಯೇ ಒಣದಾಗಿ ಇಟ್ಟೆವು. ಅವು ಕಾಂಕ್ರೀಟಿನ ನೀರನ್ನು ಹೀರಿಕೊಂಡವು. ಜುಲೈನ ಮೊದಲ ಮಳೆಗೆ ಪೂರ್ವದ ಭಾಗ ಹೆಂಚಿನ ಅಂಚು ಹಿಡಿದು ಒಸರಿತು, ಪಶ್ಚಿಮದ ಭಾಗ ಇಂದಿಗೂ ಒಣಗಿದೆ. ಮೇಲೆ ಮತ್ತೊಮ್ಮೆ ಗಾರೆ ಹಾಕಿಸಲು 11 ಸಾವಿರ ಹೋಯಿತು. ಮಣ್ಣಿನ ಗೋಡೆ ಕರಗುತ್ತದೆಂದು ಕಾದವರೆಲ್ಲ ಬಂದು ನೋಡಿದ್ದು ಕಾಂಕ್ರೀಟು ಸೋರುವುದನ್ನು.

ಆ ಗಾರೆಯ ಮೇಲೆ ಬಿಳಿ ಸುಣ್ಣ ಬಳಿದದ್ದು ಒಂದು ಉಪಪ್ರಯೋಗ. ಅಳಲೆಕಾಯಿ ನೆನೆಸಿದ ನೀರು ಮತ್ತು ಬೆಲ್ಲ ಸೇರಿಸಿದ್ದೆವು. ಪ್ರಮಾಣವನ್ನು ನಮ್ಮ ಕಾಲೇಜಿನ ಕಿರಿಯರ ಗುಂಪಿಗೆ ಮಾತ್ರ ಹೇಳಿದ್ದೇವೆ, ಏಕೆಂದರೆ ನಾಲ್ಕು ಬಾರಿ ಕೆಡಿಸಿದ ಮೇಲೆ ಸಿಕ್ಕ ಪ್ರಮಾಣವದು. 2024ರ ಏಪ್ರಿಲ್‌ನ ಮಧ್ಯಾಹ್ನ ಮೂರು ಗಂಟೆಗೆ ಶೀಟು ಹೊದೆಸಿದ ಪಕ್ಕದ ತರಗತಿಯಲ್ಲಿ 37 ಡಿಗ್ರಿ ಇದ್ದಾಗ ನಮ್ಮ ಕೋಣೆಯಲ್ಲಿ 32 ಇತ್ತು. ಇನ್ನೊಂದು ಪ್ರಯೋಗ ನವಲಗುಂದದ ಗೆಳೆಯನದು. ತನ್ನ ಹೊಲದ ಎರೆಮಣ್ಣಿನಿಂದಲೂ ಬ್ಲಾಕು ಮಾಡಬೇಕೆಂದು ಎರಡು ಚೀಲ ತಂದ. ಸಿಮೆಂಟ್ ಹಾಕಿದವು ಒಣಗುವಾಗ ಬೇಸಿಗೆಯ ಕೆರೆಯಂಗಳದಂತೆ ಬಿರಿದವು, ಸುಣ್ಣ ಹಾಕಿದವು ಪರವಾಗಿಲ್ಲ ಎನ್ನುವಂತೆ ನಿಂತವು, ಆದರೆ ಅದಕ್ಕೆ ಬೇಕಾದ ಸುಣ್ಣದ ದರ ಕೇಳಿ ಅವನೇ ಕೈಬಿಟ್ಟ.

ಮಳೆನೀರಿನ ವಿಷಯದಲ್ಲಿ ಹೆಮ್ಮೆಪಡುವಂಥದ್ದು ಕಡಿಮೆ. ಮಾಡಿನ ವಿಸ್ತೀರ್ಣ 21 ಚದರ ಮೀಟರ್, ಬೆಂಗಳೂರಿನ ವಾರ್ಷಿಕ ಮಳೆ 970 ಮಿಲಿಮೀಟರಿನಷ್ಟು. ಪೋಲಾಗುವುದನ್ನು ಕಳೆದು ವರ್ಷಕ್ಕೆ 16 ಸಾವಿರ ಲೀಟರ್ ಹಿಡಿಯಬಹುದೆಂದು ಹಾಳೆಯ ಮೇಲೆ ಬರೆದು ಬಹುಮಾನವನ್ನೂ ಪಡೆದೆವು. ಇಟ್ಟದ್ದು 1,000 ಲೀಟರಿನ ಒಂದು ಟ್ಯಾಂಕು. 2024ರ ಫೆಬ್ರವರಿಯಿಂದ ಊರೆಲ್ಲ ಟ್ಯಾಂಕರಿಗೆ ಕಾದು ನಿಂತಿದ್ದಾಗ ನಮ್ಮ ಟ್ಯಾಂಕಿನಲ್ಲಿ ಒಣಗಿದ ಎಲೆಗಳಿದ್ದವು. ಅಷ್ಟು ಸಣ್ಣ ಟ್ಯಾಂಕಿನ ಬದಲು ಮೂರಡಿ ಅಗಲದ ಇಂಗುಬಾವಿ ತೋಡಬೇಕಿತ್ತೆಂದು ಶಾಲೆಯ ಪಕ್ಕದ ಬಡಾವಣೆಯಲ್ಲಿ ಬಾವಿ ತೋಡುತ್ತಿದ್ದ ಮಣ್ಣುವಡ್ಡರ ಹಿರಿಯರೊಬ್ಬರು ಹೇಳಿದರು. ಅವರು ನೆಲದ ಬಣ್ಣ ನೋಡಿ ಎಷ್ಟಡಿಗೆ ನೀರು ಇಂಗುತ್ತದೆಂದು ಹೇಳಿದ್ದನ್ನು ನಮ್ಮ ಹೈಡ್ರಾಲಜಿ ಟಿಪ್ಪಣಿಯ ಪಕ್ಕದಲ್ಲಿ ಬರೆದಿಟ್ಟುಕೊಂಡಿದ್ದೇನೆ.

ಕೋಣೆಗಿಂತ ಹೆಚ್ಚು ಫಲ ಕೊಟ್ಟದ್ದು ಬೀದಿ ಸುತ್ತಿದ್ದು. ಶಾಲೆಯ ಸುತ್ತಲಿನ 60 ಮನೆಗಳಿಗೂ ಖಾಲಿ ನಿವೇಶನಗಳ ಮಾಲೀಕರಿಗೂ, ನೀವು ಅಗೆಯುವ ಮಣ್ಣನ್ನು ಕೆರೆಯಂಚಿಗೋ ರಾಜಕಾಲುವೆಗೋ ಕಳಿಸುವ ಮೊದಲು ನಮಗೆ ಒಂದು ಫೋನ್ ಮಾಡಿ ಎಂದು ಹೇಳಿ ಬಂದೆವು. 30 ಅಡಿಗೆ 40 ಅಡಿಯ ನಿವೇಶನದಲ್ಲಿ ಸುತ್ತ ಜಾಗ ಬಿಟ್ಟು ಎಂಟು ಅಡಿ ನೆಲಮಾಳಿಗೆ ಅಗೆದರೂ ಏಳು ಸಾವಿರ ಘನ ಅಡಿ ಮಣ್ಣು ಬರುತ್ತದೆ. ಆ ಮನೆಯ ಗೋಡೆಗಳಿಗೆ ಅದರ ಕಾಲು ಭಾಗವೂ ಬೇಕಾಗುವುದಿಲ್ಲ. ಈ ಲೆಕ್ಕವನ್ನು ಮಾಲೀಕರ ನಿವೇಶನದಲ್ಲೇ ನಿಂತು, ಅವರ ಅಳತೆಯಲ್ಲೇ ಹೇಳಿದರೆ ಕೇಳುತ್ತಾರೆ. ಭೂಮಿ ಉಳಿಸಿ ಎಂದರೆ ಕಾಫಿ ಕೊಟ್ಟು ಕಳಿಸುತ್ತಾರೆ. ಹನ್ನೊಂದು ಮಂದಿ ಫೋನ್ ಮಾಡಿದರು, ಇಬ್ಬರು ತಮ್ಮ ಮಣ್ಣಿನಿಂದಲೇ ಮನೆ ಕಟ್ಟಿಸಿಕೊಂಡರು. ಆ ಎರಡೂ ಮನೆಗಳಲ್ಲಿ ಬ್ಲಾಕಿನ ಕೆಲಸಕ್ಕೆ ನಿಂತವರು ನಮ್ಮ ಯಾದಗಿರಿಯ ಮೇಸ್ತ್ರಿಯೇ. ತಕ್ಕಡಿಯನ್ನು ನಮ್ಮಿಂದ ತೆಗೆದುಕೊಂಡು ಹೋದವರು ಇನ್ನೂ ಹಿಂದಿರುಗಿಸಿಲ್ಲ.

ಅಕ್ಟೋಬರ್ ಮಳೆಯ ನಂತರ ಮೊಳೆ ಹಿಡಿದು ನಾಲ್ಕೂ ಗೋಡೆಗಳನ್ನು ಸಾಲು ಸಾಲಾಗಿ ಗೀರಿ ನೋಡಿದೆವು. ಪಶ್ಚಿಮದ ಗೋಡೆಯ ಕೆಳಗಿನ ಎರಡು ಸಾಲುಗಳಲ್ಲಿ, ಮಾಡಿನ ಹನಿ ನೆಲಕ್ಕೆ ಬಿದ್ದು ಸಿಡಿಯುವ ಎತ್ತರಕ್ಕೆ ಸರಿಯಾಗಿ, ಮೊಳೆ ಎರಡು ಮಿಲಿಮೀಟರಿನಷ್ಟು ಇಳಿಯುತ್ತದೆ. ಉಳಿದೆಡೆ ಗೆರೆ ಮಾತ್ರ ಮೂಡುತ್ತದೆ. ಪಾಯವನ್ನು ಇನ್ನೊಂದು ಅಡಿ ಎತ್ತರಿಸಿದ್ದರೆ ಇದು ಆಗುತ್ತಿರಲಿಲ್ಲ, ಐದು ಸಾವಿರ ಉಳಿಸಲು ಹೋಗಿ ಬಿಟ್ಟಿದ್ದೆವು. ಡಿಸೆಂಬರ್‌ನಲ್ಲಿ ಆ ಎರಡು ಸಾಲುಗಳಿಗೆ ಗಾರೆ ಹಾಕಬೇಕು. ಸುಣ್ಣದ್ದೋ ಸಿಮೆಂಟಿನದ್ದೋ ಎಂಬ ವಿಷಯದಲ್ಲಿ ನಾನೂ ಕಿರಿಯರ ಗುಂಪೂ ಇನ್ನೂ ಜಗಳವಾಡುತ್ತಿದ್ದೇವೆ.