ಕರಾವಳಿಯ ತೇವದಲ್ಲಿ ಕೋಳಿಮರಿ: ಕಾವಿನಿಂದ ಗೂಡಿನವರೆಗೆ

ಹಿತ್ತಿಲಿನಲ್ಲಿ ಮೊದಲ ಬಾರಿಗೆ ಮರಿ ಮಾಡಿಸಲು ಹೊರಟವರು ಸಾಮಾನ್ಯವಾಗಿ ಹೆದರುವುದು ಮೊಟ್ಟೆಗೆ ಬಿಸಿ ಸಾಲದೆ ಹೋದೀತೆಂದು. ಆದರೆ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಹವೆಯಲ್ಲಿ ಮೊಟ್ಟೆಯನ್ನೂ ಮರಿಯನ್ನೂ ಹೆಚ್ಚು ಕಾಡುವುದು ತೇವ. ಆದ್ದರಿಂದ ಮೊದಲ ಪ್ರಯತ್ನಕ್ಕೆ ಡಿಸೆಂಬರ್‌ನಿಂದ ಫೆಬ್ರವರಿಯವರೆಗಿನ ಒಣ ತಿಂಗಳುಗಳನ್ನು ಆರಿಸಿಕೊಳ್ಳುವುದು ಲೇಸು. ಜೂನ್‌ನಲ್ಲಿ ಮಳೆ ಹಿಡಿಯುವಷ್ಟರಲ್ಲಿ ಮರಿಗಳಿಗೆ ಗರಿ ಬಲಿತಿರುತ್ತದೆ.

ಹುಂಜ ಜೊತೆಗಿರುವ ಹೇಂಟೆಗಳ ಮೊಟ್ಟೆಯನ್ನು ಮಾತ್ರ ಕಾವಿಗೆ ಇಡಬೇಕು. ಅಂಗಡಿಯ ಬಿಳಿ ಮೊಟ್ಟೆಯಿಂದ ಮರಿ ಬರುವುದಿಲ್ಲ. ಏಳು ದಿನಕ್ಕಿಂತ ಹಳತಾಗದ, ಬಿರುಕಿಲ್ಲದ, ತೀರ ದೊಡ್ಡದೂ ತೀರ ಸಣ್ಣದೂ ಅಲ್ಲದ ಮೊಟ್ಟೆಗಳನ್ನು ಚೂಪು ತುದಿ ಕೆಳಗಾಗುವಂತೆ ಮನೆಯ ತಂಪಾದ ಮೂಲೆಯಲ್ಲಿ ಕೂಡಿಡಬಹುದು. ತೊಳೆದರೆ ಚಿಪ್ಪಿನ ಮೇಲಿನ ರಕ್ಷಣಾ ಪೊರೆ ಹೋಗಿ ಸೂಕ್ಷ್ಮಾಣುಗಳು ಒಳನುಗ್ಗುತ್ತವೆ. ಹಾಗಾಗಿ ಕೊಳೆ ಹಿಡಿದ ಮೊಟ್ಟೆಯನ್ನು ತೊಳೆದು ಇಡುವುದಕ್ಕಿಂತ ಅಡುಗೆಗೆ ಬಳಸುವುದೇ ಸರಿ.

ಊರಕೋಳಿಯ ಹೇಂಟೆ ಕಾವಿಗೆ ಬಂದಿದ್ದರೆ ಕೆಲಸ ಅರ್ಧ ಮುಗಿದಂತೆ. ಮೊಟ್ಟೆ ತೆಗೆದರೂ ಗೂಡು ಬಿಟ್ಟೇಳದೆ, ಹತ್ತಿರ ಹೋದರೆ ಗರಿ ಕೆದರಿ ಕುಕ್ಕಲು ಬರುವ ಹೇಂಟೆಯನ್ನು, ಬೈಹುಲ್ಲು ಹಾಸಿದ ಬುಟ್ಟಿಯಲ್ಲಿ ಕತ್ತಲಾದ ಮೇಲೆ ಹತ್ತು ಹನ್ನೆರಡು ಮೊಟ್ಟೆಗಳ ಮೇಲೆ ಕೂರಿಸಬೇಕು. ಅದಕ್ಕೆ ಮೊದಲು ಅದರ ಮೈಯಲ್ಲಿ ಹೇನು ಇಲ್ಲವೆಂದು ನೋಡಿಕೊಳ್ಳಬೇಕು, ಏಕೆಂದರೆ ಹೇನಿನ ಕಾಟ ತಾಳಲಾರದೆ ಹೇಂಟೆ ನಡುವೆಯೇ ಕಾವು ಬಿಡುವುದುಂಟು. ಗುಡುಗಿಗೆ ಮೊಟ್ಟೆ ಕೆಡುತ್ತದೆಂದು ಬುಟ್ಟಿಯಲ್ಲಿ ಕಬ್ಬಿಣದ ತುಂಡು ಇಡುವವರಿದ್ದಾರೆ; ಅದರಿಂದ ಕೇಡಿಲ್ಲ, ಆದರೆ ಮಳೆಯ ಎರಚಲು ಬಾರದ ಜಾಗ ಹುಡುಕುವುದು ಅದಕ್ಕಿಂತ ಮುಖ್ಯ. ಕೇರಳದ ಮಣ್ಣುತ್ತಿಯಲ್ಲಿ ಅಭಿವೃದ್ಧಿಯಾದ ಗ್ರಾಮಶ್ರೀ, ಬೆಂಗಳೂರಿನ ಗಿರಿರಾಜದಂತಹ ತಳಿಗಳು ಊರಕೋಳಿಗಿಂತ ಹೆಚ್ಚು ಮೊಟ್ಟೆ ಕೊಟ್ಟರೂ ಕಾವಿಗೆ ಕೂರುವ ಗುಣ ಅವುಗಳಲ್ಲಿ ಕಡಿಮೆ. ಅವುಗಳ ಮೊಟ್ಟೆಯನ್ನು ಊರಕೋಳಿಯ ಅಡಿಯಲ್ಲಿ ಇಡಬಹುದು.

ಹೇಂಟೆ ಇಲ್ಲದಿದ್ದರೆ ಥರ್ಮೋಕೋಲ್ ಪೆಟ್ಟಿಗೆ, ಬಲ್ಬು, ಸಣ್ಣ ಫ್ಯಾನು, ಬಿಸಿಯನ್ನು ಒಂದೇ ಮಟ್ಟದಲ್ಲಿಡುವ ಥರ್ಮೋಸ್ಟಾಟ್ ಸೇರಿಸಿ ಇನ್‌ಕ್ಯುಬೇಟರ್, ಅಂದರೆ ಕಾವುಪೆಟ್ಟಿಗೆ, ಮಾಡಿಕೊಳ್ಳಬಹುದು. ಫ್ಯಾನಿರುವ ಪೆಟ್ಟಿಗೆಯಲ್ಲಿ ಉಷ್ಣತೆ 37.5 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರಬೇಕು, ಮಾಪಕವು ಮೊಟ್ಟೆಯ ಮಟ್ಟದಲ್ಲಿಯೇ ಇರಬೇಕು. ಅಗ್ಗದ ಮಾಪಕಗಳು ಒಂದೆರಡು ಡಿಗ್ರಿ ತಪ್ಪು ತೋರಿಸುವುದರಿಂದ, ಮನೆಯ ಜ್ವರದ ಥರ್ಮಾಮೀಟರಿನೊಡನೆ ಉಗುರುಬೆಚ್ಚಗಿನ ನೀರಿನಲ್ಲಿ ಹೋಲಿಸಿ ನೋಡಿದ ಬಳಿಕವೇ ಮೊಟ್ಟೆ ಇಡುವುದು ಕ್ಷೇಮ. ಮೊಟ್ಟೆಯ ಒಂದು ಬದಿಗೆ ಪೆನ್ಸಿಲಿನಿಂದ ಗುರುತು ಮಾಡಿ, 18ನೇ ದಿನದವರೆಗೆ ದಿನಕ್ಕೆ ಮೂರರಿಂದ ಐದು ಸಲ ಮಗುಚಬೇಕು. ಇಲ್ಲವಾದರೆ ಭ್ರೂಣ ಚಿಪ್ಪಿನ ಒಳಪೊರೆಗೆ ಅಂಟಿಕೊಳ್ಳುತ್ತದೆ. ಕರೆಂಟು ಹೋದರೆ ಗಾಬರಿಪಡದೆ ಪೆಟ್ಟಿಗೆಯನ್ನು ತೆರೆಯದೆ ಕಂಬಳಿ ಹೊದಿಸಿಟ್ಟರೆ ಸಾಕು. ಸ್ವಲ್ಪ ಹೊತ್ತಿನ ತಂಪನ್ನು ಭ್ರೂಣ ಸಹಿಸುತ್ತದೆ, 40 ಡಿಗ್ರಿ ದಾಟಿದ ಬಿಸಿಯನ್ನು ಸಹಿಸುವುದಿಲ್ಲ.

ತೇವದ ತೊಡಕು ಎದುರಾಗುವುದು ಇಲ್ಲಿಯೇ. ಕಾವಿನ ಅವಧಿಯಲ್ಲಿ ಮೊಟ್ಟೆಯೊಳಗಿನ ನೀರು ಸ್ವಲ್ಪ ಸ್ವಲ್ಪವೇ ಆವಿಯಾಗಿ ದಪ್ಪ ತುದಿಯ ಗಾಳಿಗೂಡು ದೊಡ್ಡದಾಗಬೇಕು, ಮರಿ ಮೊದಲ ಉಸಿರು ಎಳೆಯುವುದು ಆ ಗಾಳಿಯಿಂದ. ಸೂಚನಾ ಪುಸ್ತಕಗಳು ಮೊದಲ ದಿನದಿಂದಲೇ ಪೆಟ್ಟಿಗೆಯಲ್ಲಿ ನೀರಿಡಲು ಹೇಳುತ್ತವೆ. ನಮ್ಮ ಮಳೆಗಾಲದಲ್ಲಿ ಹಾಗೆ ಮಾಡಿದರೆ ಗಾಳಿಗೂಡು ಬೆಳೆಯದೆ, ಪೂರ್ತಿ ಬೆಳೆದ ಮರಿಯೂ ಚಿಪ್ಪಿನೊಳಗೆಯೇ ಉಸಿರುಗಟ್ಟಿ ಸಾಯುತ್ತದೆ. ತೇವಾಂಶ 18 ದಿನಗಳವರೆಗೆ ಶೇಕಡಾ 50ರಿಂದ 55, ಕೊನೆಯ ಮೂರು ದಿನ ಶೇಕಡಾ 65ರಿಂದ 70 ಇದ್ದರೆ ಸಾಕು. ತೇವಮಾಪಕವನ್ನು ನಂಬದವರು ತಕ್ಕಡಿಯನ್ನು ನಂಬಬಹುದು: 45 ಗ್ರಾಂ ತೂಗುತ್ತಿದ್ದ ಮೊಟ್ಟೆ 18ನೇ ದಿನಕ್ಕೆ ಸುಮಾರು 40 ಗ್ರಾಂಗೆ ಇಳಿದಿರಬೇಕು. ಇಳಿಯದಿದ್ದರೆ ನೀರಿನ ಪಾತ್ರೆ ತೆಗೆದು ಗಾಳಿಯ ತೂತುಗಳನ್ನು ಹೆಚ್ಚಿಸಬೇಕು. ಏಳನೇ ದಿನ ಕತ್ತಲ ಕೋಣೆಯಲ್ಲಿ ಮೊಬೈಲಿನ ಟಾರ್ಚ್ ಹಿಡಿದು ನೋಡಿದರೆ ಜೀವವಿರುವ ಮೊಟ್ಟೆಯಲ್ಲಿ ಕೆಂಪು ನರಗಳ ಜಾಲ ಕಾಣುತ್ತದೆ, ಬರಿದಾಗಿರುವುದನ್ನು ತೆಗೆದುಬಿಡಬೇಕು.

21ನೇ ದಿನದ ಸುಮಾರಿಗೆ ಮರಿ ಚಿಪ್ಪು ಒಡೆಯುತ್ತದೆ. ಮೊದಲ ಬಿರುಕಿನಿಂದ ಹೊರಬರುವವರೆಗೆ ಹನ್ನೆರಡರಿಂದ ಇಪ್ಪತ್ತನಾಲ್ಕು ಗಂಟೆ ಹಿಡಿಯುವುದು ಸಹಜ. ಕನಿಕರದಿಂದ ಚಿಪ್ಪು ಬಿಡಿಸಲು ಹೋದರೆ ರಕ್ತನಾಳ ಹರಿದು ಮರಿ ಸಾಯಬಹುದು. ಹೊಟ್ಟೆಯೊಳಗೆ ಉಳಿದ ಹಳದಿಯೇ ಒಂದೆರಡು ದಿನ ಆಹಾರವಾಗುವುದರಿಂದ, ಮೈ ಪೂರ್ತಿ ಒಣಗಿದ ಮೇಲೆಯೇ ಮರಿಯನ್ನು ಹೊರತೆಗೆದರೆ ಸಾಕು.

ತಾಯಿಯಿಲ್ಲದ ಮರಿಗಳಿಗೆ ಮೊದಲ ವಾರ ಸುಮಾರು 35 ಡಿಗ್ರಿ ಬಿಸಿ ಬೇಕು, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತ ಹೋಗಬಹುದು. ಮರಿಗಳು ಬಲ್ಬಿನಡಿ ಗುಂಪುಗೂಡಿದರೆ ಚಳಿ, ಬಾಯಿ ತೆರೆದು ದೂರ ಸರಿದರೆ ಸೆಕೆ ಎಂದು ತಿಳಿಯಬೇಕು. ನುಣುಪಾದ ಪತ್ರಿಕೆಯ ಮೇಲೆ ಕಾಲು ಜಾರಿ ಸೊಟ್ಟಗಾಗುವುದರಿಂದ ಉಮಿಯನ್ನೋ ಮರದ ಹುಡಿಯನ್ನೋ ಹಾಸಬೇಕು. ಅದು ಒದ್ದೆಯಾದ ದಿನವೇ ಬದಲಿಸಬೇಕು, ಏಕೆಂದರೆ ಒದ್ದೆ ಹಾಸಿನಲ್ಲಿ ಹಬ್ಬುವ ರಕ್ತಭೇದಿ ಇಡೀ ಗುಂಪನ್ನು ಹಿಡಿಯುತ್ತದೆ. ನುಚ್ಚಕ್ಕಿಯೊಂದರಿಂದ ಮರಿ ಬೆಳೆಯುವುದಿಲ್ಲ. ಶೇಕಡಾ 20ರಷ್ಟು ಪ್ರೋಟೀನ್ ಇರುವ ಮರಿ ಆಹಾರವನ್ನು ಕೊಟ್ಟು, ಗೆದ್ದಲು ಸಿಕ್ಕಿದರೆ ಅದನ್ನೂ ಹಾಕಬಹುದು. ನೀರಿನ ತಟ್ಟೆಯಲ್ಲಿ ಸಣ್ಣ ಕಲ್ಲುಗಳಿದ್ದರೆ ಮರಿ ಮುಳುಗುವುದಿಲ್ಲ.

ಕೊಕ್ಕರೆ ರೋಗದ (ರಾಣಿಖೇತ್) ಮೊದಲ ಲಸಿಕೆಯನ್ನು ಐದರಿಂದ ಏಳನೇ ದಿನದೊಳಗೆ ಕಣ್ಣಿಗೆ ಅಥವಾ ಮೂಗಿಗೆ ಹನಿ ಹಾಕಿ ಕೊಡುತ್ತಾರೆ. ಮುಂದಿನದನ್ನು ಮೃಗಾಸ್ಪತ್ರೆಯ ವೈದ್ಯರ ಸಲಹೆಯಂತೆ ಹಾಕಿಸಬೇಕು. ಒಂದು ಸೀಸೆಯಲ್ಲಿ ಹಲವು ಮರಿಗಳಿಗಾಗುವಷ್ಟು ಲಸಿಕೆಯಿದ್ದು, ಕರಗಿಸಿದ ಮೇಲೆ ಬೇಗ ಮುಗಿಸಬೇಕಾಗುವುದರಿಂದ, ನೆರೆಮನೆಯವರೂ ಅದೇ ವಾರ ಮರಿ ಮಾಡಿಸಿದ್ದರೆ ಒಟ್ಟಿಗೆ ಹಾಕಿಸುವುದು ಜಾಣತನ.

ಎರಡು ತಿಂಗಳ ಮರಿಗಳನ್ನು ಹಗಲು ತೋಟಕ್ಕೆ ಬಿಡಬಹುದು. ಆದರೆ ಅಡಿಕೆಗೆ ಮದ್ದು ಬಿಡುವ ದಿನ ಮತ್ತು ಅದರ ನಂತರದ ಕೆಲವು ದಿನ ಅವುಗಳನ್ನು ಕಟ್ಟಿಹಾಕಲೇಬೇಕು. ಆ ಮದ್ದಾದ ಬೋರ್ಡೋ ದ್ರಾವಣದ ಮೈಲುತುತ್ತು ಬಿದ್ದ ಹೊಂಡದ ನೀರು ಕೋಳಿಗೆ ವಿಷ. ರಾತ್ರಿಯ ಗೂಡು ನೆಲದಿಂದ ಎರಡಡಿ ಎತ್ತರದಲ್ಲಿ, ಅಡಿಕೆ ಮರ ಸೀಳಿದ ಪಟ್ಟಿಗಳ ತಳದೊಂದಿಗೆ ಇದ್ದರೆ ಹಿಕ್ಕೆ ಕೆಳಗೆ ಬಿದ್ದು ಒಳಗೆ ಒಣಗಿರುತ್ತದೆ. ಮುಂಗುಸಿಗೂ ಹೆಬ್ಬಾವಿಗೂ ದಾರಿ ಸಿಗದಂತೆ ಬದಿಗಳಿಗೆ ಸಣ್ಣ ಕಣ್ಣಿನ ಬಲೆ ಬಿಗಿಯಬೇಕು.

ಮರಿಗಳಲ್ಲಿ ಅರ್ಧದಷ್ಟು ಹುಂಜಗಳೇ ಆಗುತ್ತವೆ. ಹತ್ತು ಹೇಂಟೆಗೆ ಒಂದು ಹುಂಜ ಸಾಕು. ಉಳಿದವನ್ನು ಮಾರುವುದೋ ಅಡುಗೆಗೆ ಬಳಸುವುದೋ ಎಂಬುದನ್ನು ಮೊಟ್ಟೆ ಇಡುವಾಗಲೇ ಮನೆಯವರೆಲ್ಲ ಮಾತಾಡಿಕೊಳ್ಳುವುದು ಒಳ್ಳೆಯದು. ಮರಿಗಾಗಿ ಉಳಿಸುವ ಹುಂಜವನ್ನು ಮಾತ್ರ ಅದೇ ಗುಂಪಿನಿಂದ ಆರಿಸದೆ ನೆರೆಮನೆಯ ಹುಂಜದೊಡನೆ ಬದಲಾಯಿಸಿಕೊಳ್ಳಬೇಕು. ಒಡಹುಟ್ಟಿದ ಕೋಳಿಗಳ ಮೊಟ್ಟೆಯಲ್ಲಿ ಮರಿಯಾಗುವ ಪ್ರಮಾಣ ತಲೆಮಾರಿನಿಂದ ತಲೆಮಾರಿಗೆ ಇಳಿಯುತ್ತದೆ.